ದತ್ತು ಮಕ್ಕಳ ಚಿಕಿತ್ಸಾ ಸೇವೆ: ತಂದೆ ತಾಯಿಯನ್ನೂ ಒಳಗೆ ಕರೆಯುವ ಕೊಠಡಿ

ದತ್ತು ಹೋದ ಮಕ್ಕಳು, ಪೋಷಕ ಕುಟುಂಬಗಳಲ್ಲಿ ತಾತ್ಕಾಲಿಕವಾಗಿ ಬೆಳೆಯುತ್ತಿರುವ ಮಕ್ಕಳು ಮತ್ತು ಪಾಲನಾ ಗೃಹಗಳಲ್ಲಿರುವ ಹದಿಹರೆಯದವರಿಗಾಗಿಯೇ ನಡೆಯುವ ಚಿಕಿತ್ಸಾ ಸೇವೆಯೊಂದಕ್ಕೆ ನಾವು ನಮ್ಮ ಮಗಳನ್ನು ಬಹಳ ಕಾಲ ಕರೆದುಕೊಂಡು ಹೋಗುತ್ತಿದ್ದೆವು. ಅವಳ ಚಿಕಿತ್ಸೆ ಈಗ ಮುಗಿದಿದೆ. ಮಗಳ ಖಾಸಗಿತನದ ಕಾರಣಕ್ಕೆ ಸೇವೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಆದರೆ ಅಲ್ಲಿ ಏನು ನಡೆಯುತ್ತದೆ, ಯಾವುದು ಕೆಲಸ ಮಾಡಿತು, ಯಾವುದು ನೋಯಿಸಿತು ಎಂಬುದನ್ನು ವಿವರವಾಗಿ ಬರೆದರೆ, ಇಂಥದ್ದೇ ಸೇವೆಯೊಂದರ ಬಾಗಿಲಲ್ಲಿ ನಿಂತಿರುವ ಬೇರೆ ತಂದೆ ತಾಯಿಗಳಿಗೆ ತಮ್ಮ ಮುಂದಿರುವುದನ್ನು ಅಳೆದು ನೋಡಲು ಅನುಕೂಲವಾದೀತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸೇವೆಯ ನಿಜವಾದ ಬಲವಿರುವುದು ಮಗುವಿನೊಂದಿಗೆ ದಿನವೂ ಬದುಕುವ ದೊಡ್ಡವರನ್ನು ಚಿಕಿತ್ಸೆಯ ಒಳಗೇ ಕೂರಿಸಿಕೊಳ್ಳುವುದರಲ್ಲಿ. ಅದರ ದೊಡ್ಡ ಕೊರತೆಯಿರುವುದು, ಅಷ್ಟು ಜತನದಿಂದ ಕಟ್ಟಿದ ನಂಟನ್ನು ಕೆಲವೊಮ್ಮೆ ಆಡಳಿತದ ಅನುಕೂಲಕ್ಕಾಗಿ ಥಟ್ಟನೆ ಕಡಿದುಬಿಡುವುದರಲ್ಲಿ.

ಮಗಳು ನಮ್ಮ ಮನೆಗೆ ಬಂದಾಗ ಅವಳಿಗೆ ಐದು ವರ್ಷ ತುಂಬುವುದರಲ್ಲಿತ್ತು. ಹೆತ್ತವರ ಮನೆ, ಒಂದು ಪಾಲನಾ ಗೃಹ, ಆಮೇಲೆ ಪೋಷಕ ಕುಟುಂಬ, ಹೀಗೆ ಅಷ್ಟರೊಳಗೆ ಅವಳು ಕೈಯಿಂದ ಕೈಗೆ ಸಾಗಿ ಬಂದಿದ್ದಳು. ಮೊದಲ ಕೆಲವು ತಿಂಗಳು ನೋಡಿದವರೆಲ್ಲ ಅವಳನ್ನು ಹೊಗಳಿದವರೇ. ಬಿದ್ದು ಮಂಡಿ ತರಚಿದರೂ ಅಳುತ್ತಿರಲಿಲ್ಲ, ಮನೆಗೆ ಮೊದಲ ಸಲ ಬಂದವರ ತೊಡೆಯೇರಿ ಕೂರುತ್ತಿದ್ದಳು, ರಾತ್ರಿ ಎಚ್ಚರವಾದರೆ ಯಾರನ್ನೂ ಕೂಗದೆ ಕತ್ತಲಲ್ಲಿ ಕಣ್ಣು ತೆರೆದುಕೊಂಡು ಮಲಗಿರುತ್ತಿದ್ದಳು. ಈ ಮೂರೂ ಒಳ್ಳೆಯ ಲಕ್ಷಣಗಳಲ್ಲ ಎಂದು ನಮಗೆ ಹೇಳಿದವರು ಮುಂದೆ ಈ ಸೇವೆಯ ತಜ್ಞರೇ. ನೋವಾದಾಗ ದೊಡ್ಡವರ ಬಳಿ ಓಡಿ ಬರಬೇಕೆಂಬ ಪಾಠವೇ ಅವಳಿಗೆ ಸಿಕ್ಕಿರಲಿಲ್ಲ. ಆಮೇಲೆ ಸಿಟ್ಟು ಶುರುವಾಯಿತು. ತಿನ್ನುವ ಪದಾರ್ಥಗಳನ್ನು ದಿಂಬಿನ ಕೆಳಗೆ ಬಚ್ಚಿಡುವುದು, ಕಣ್ಣೆದುರೇ ನಡೆದದ್ದನ್ನು ಇಲ್ಲವೆನ್ನುವುದು, ಪ್ರೀತಿಯಿಂದ ಕೊಟ್ಟ ವಸ್ತುವನ್ನು ಅಂದೇ ಮುರಿದು ಹಾಕುವುದು, ಎಲ್ಲಕ್ಕಿಂತ ಮಿಗಿಲಾಗಿ ತಾಯಿಯಾದ ನನ್ನೊಬ್ಬಳನ್ನೇ ಗುರಿಯಾಗಿಸಿಕೊಂಡ ಕೋಪ.

ಇಲ್ಲಿಗೆ ಬರುವ ಮೊದಲು ಬೇರೊಂದು ಕಡೆ ಆಪ್ತಸಮಾಲೋಚನೆ ಕೊಡಿಸಿದ್ದೆವು. ಅಲ್ಲಿ ಮಗುವನ್ನು ಒಬ್ಬಳನ್ನೇ ಒಳಗೆ ಕರೆದು ಬಾಗಿಲು ಹಾಕುತ್ತಿದ್ದರು. ನಮಗೆ ಕೊನೆಯಲ್ಲಿ ಒಂದೆರಡು ಮಾತು ಮತ್ತು ಗೋಡೆಗೆ ಅಂಟಿಸಲು ನಕ್ಷತ್ರಗಳ ಪಟ್ಟಿ ಸಿಗುತ್ತಿತ್ತು. ಒಳ್ಳೆಯ ನಡತೆಗೆ ನಕ್ಷತ್ರ, ತಪ್ಪಿದರೆ ಇಲ್ಲ. ಬಹಳಷ್ಟು ಮಕ್ಕಳಿಗೆ ಈ ಕ್ರಮ ಸಾಕಾಗುತ್ತದೆ, ಏಕೆಂದರೆ ನಕ್ಷತ್ರ ತಪ್ಪಿದರೂ ಅಮ್ಮ ತಪ್ಪುವುದಿಲ್ಲವೆಂಬುದು ಅವರಿಗೆ ಗೊತ್ತಿರುತ್ತದೆ. ಆ ಭರವಸೆಯೇ ಇಲ್ಲದ ಮಗುವಿನ ಪಾಲಿಗೆ ಖಾಲಿ ಉಳಿದ ಪ್ರತಿಯೊಂದು ಚೌಕವೂ ತಾನು ಈ ಮನೆಗೆ ತಕ್ಕವಳಲ್ಲ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ನಮ್ಮ ಮಗಳು ಆ ಪಟ್ಟಿಯನ್ನು ಒಂದು ದಿನ ಹರಿದು, ಚೂರುಗಳನ್ನು ನನ್ನ ಕೈಗೇ ತಂದುಕೊಟ್ಟಳು.

ಹೊಸ ಸೇವೆಯಲ್ಲಿ ಮೊದಲ ಹಂತವೆಂದರೆ ದೀರ್ಘವಾದ ಮೌಲ್ಯಮಾಪನ. ಬೇಸರ ಬರುವಷ್ಟು ದೀರ್ಘವೆಂದು ಆಗ ಅನ್ನಿಸಿತ್ತು, ಆದರೆ ಈಗ ಅದರ ಬೆಲೆ ತಿಳಿದಿದೆ. ಹೆತ್ತ ತಾಯಿಯ ಗರ್ಭಾವಸ್ಥೆ ಹೇಗಿತ್ತು, ಮದ್ಯ ಅಥವಾ ಔಷಧಿಗಳ ಸೇವನೆ ಇತ್ತೇ, ಮಗು ಹುಟ್ಟಿದಾಗ ತೂಕ ಎಷ್ಟಿತ್ತು, ಯಾರ ಕೈಯಲ್ಲಿ ಎಷ್ಟು ತಿಂಗಳು ಇತ್ತು ಎಂದು ನಮ್ಮ ಬಳಿಯಿದ್ದ ಪ್ರತಿಯೊಂದು ಕಾಗದವನ್ನೂ ಓದಿದರು. ಕಿವಿ, ಕಣ್ಣು, ನಿದ್ರೆಗಳ ತಪಾಸಣೆಯಾಗದೆ ಮುಂದಕ್ಕೆ ಹೋಗುವುದಿಲ್ಲವೆಂದರು. ಬ್ರಿಟನ್ನಿನ ಮಕ್ಕಳ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ರೂಪಿಸಿದ, ಮಕ್ಕಳ ಬಲ ಮತ್ತು ತೊಂದರೆಗಳನ್ನು ಅಳೆಯುವ 25 ಅಂಶಗಳ ಪ್ರಶ್ನಾವಳಿಯನ್ನು ನಮ್ಮಿಂದಲೂ ಶಿಕ್ಷಕಿಯಿಂದಲೂ ತುಂಬಿಸಿದರು. ಎಲ್ಲಕ್ಕಿಂತ ನನಗೆ ಹಿಡಿಸಿದ್ದು, ಹೆಸರಿಡಲು ಅವರು ಆತುರಪಡದಿದ್ದದ್ದು. ಒಂದೆಡೆ ಕೂರಲಾಗದ, ಸಣ್ಣ ಸದ್ದಿಗೂ ತಿರುಗಿ ನೋಡುವ ಮಗುವಿಗೆ ಗಮನದ ಕೊರತೆ ಇರಬಹುದು. ಅಥವಾ ಆ ಮಗು ಸದಾ ಅಪಾಯದ ನಿರೀಕ್ಷೆಯಲ್ಲಿ ಇರಬಹುದು. ಎರಡೂ ಒಟ್ಟಿಗೇ ಇರಬಹುದು. ಅಪರಿಚಿತರ ತೊಡೆಯೇರುವುದಕ್ಕೂ, ಯಾರ ಬಳಿಯೂ ಸಮಾಧಾನ ಬಯಸದೆ ಮುದುಡಿಕೊಳ್ಳುವುದಕ್ಕೂ 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಪ್ರತ್ಯೇಕ ರೋಗನಿರ್ಣಯಗಳನ್ನು ಕೊಟ್ಟಿದೆಯೆಂದೂ, ನಮ್ಮ ಮಗಳಲ್ಲಿ ಮೊದಲನೆಯದರ ಕೆಲವು ಲಕ್ಷಣಗಳಿದ್ದರೂ ಅದನ್ನು ಕಡತದ ಮೇಲೆ ಅಚ್ಚೊತ್ತುವ ಮೊದಲು ಅವಳು ಮನೆಯಲ್ಲಿ ನೆಲೆಯೂರುವುದನ್ನು ಕಾದು ನೋಡೋಣವೆಂದೂ ಹೇಳಿದರು.

ಚಿಕಿತ್ಸಾ ಕೊಠಡಿಯಲ್ಲಿ ನಡೆಯುವುದನ್ನು ಹೊರಗಿನಿಂದ ನೋಡಿದರೆ ಇದಕ್ಕಾಗಿ ಇಷ್ಟು ದೂರ ಬರಬೇಕಿತ್ತೇ ಎನ್ನಿಸಬಹುದು. ನೆಲದ ಮೇಲೆ ಹಾಸಿದ ದಪ್ಪ ಚಾಪೆ, ಎರಡು ದಿಂಬು, ಒಂದು ಪುಟ್ಟ ಬುಟ್ಟಿ. ಬುಟ್ಟಿಯಲ್ಲಿ ಹತ್ತಿಯ ಉಂಡೆ, ಸೋಪಿನ ಗುಳ್ಳೆಯ ಬಾಟಲಿ, ಕೈಗೆ ಹಚ್ಚುವ ಲೋಷನ್. 1960ರ ದಶಕದ ಕೊನೆಯಲ್ಲಿ ಶಿಕಾಗೋದಲ್ಲಿ ಶುರುವಾದ ಥೆರಾಪ್ಲೇ ಎಂಬ ಪದ್ಧತಿ ಇದು. ಆಟದ ಸಾಮಾನು ಕಡಿಮೆ, ಮುಖಗಳ ನಡುವಿನ ಅಂತರವೂ ಕಡಿಮೆ. ಯಾವ ಆಟ, ಎಷ್ಟು ಹೊತ್ತು ಎಂಬುದನ್ನು ದೊಡ್ಡವರೇ ತೀರ್ಮಾನಿಸುತ್ತಾರೆ, ಏಕೆಂದರೆ ತನ್ನ ರಕ್ಷಣೆಯನ್ನು ತಾನೇ ನೋಡಿಕೊಳ್ಳುತ್ತ ಬಂದ ಮಗುವಿಗೆ ಆ ಹೊರೆಯನ್ನು ಕೆಳಗಿಳಿಸುವ ಅನುಭವ ಬೇಕಿರುತ್ತದೆ. ಮೊದಮೊದಲು ಥೆರಪಿಸ್ಟ್ ಮಗಳ ಕೈಬೆರಳುಗಳನ್ನು ಒಂದೊಂದಾಗಿ ನೋಡಿ, ಹೊಸ ಗೀರು, ಹಳೆಯ ಗಾಯದ ಗುರುತು, ಶಾಯಿಯ ಕಲೆ, ಎಲ್ಲವನ್ನೂ ಹೇಳುತ್ತ ಅವುಗಳ ಸುತ್ತ ಲೋಷನ್ ಹಚ್ಚುತ್ತಿದ್ದರು. ಮಗಳು ಕೈ ಹಿಂದಕ್ಕೆಳೆದುಕೊಂಡರೆ ಬಲವಂತ ಮಾಡುತ್ತಿರಲಿಲ್ಲ. ‘ಇವತ್ತಿಗೆ ಇಷ್ಟೇ ಸಾಕು ಅಂತ ಈ ಕೈ ಹೇಳ್ತಾ ಇದೆ, ಸರಿ’ ಎಂದು ಮೆಲ್ಲಗೆ ಬಿಟ್ಟುಬಿಡುತ್ತಿದ್ದರು. ಕೆಲವು ವಾರಗಳ ನಂತರ ಆ ಕೆಲಸವನ್ನು ನನಗೆ ವಹಿಸಿದರು. ಬಿದ್ದಾಗ ಅಳದಿದ್ದ ಹುಡುಗಿ ಒಂದು ಮಧ್ಯಾಹ್ನ ಮೊಣಕೈಯ ಮೇಲಿನ, ಕಣ್ಣಿಗೆ ಕಾಣದಷ್ಟು ಸಣ್ಣ ಗೀರೊಂದನ್ನು ತೋರಿಸಿ, ‘ಅಮ್ಮ, ಇಲ್ಲೂ ಇದೆ, ನೋಡು’ ಎಂದಳು. ಥೆರಪಿಸ್ಟ್ ಆಗ ಏನೂ ಮಾತಾಡದೆ ಲೋಷನ್ ಬಾಟಲಿಯನ್ನು ನನ್ನ ಕಡೆ ಸರಿಸಿದರು.

ಆಟದ ಜೊತೆಗೆ ಮಾತಿನ ಕೆಲಸವೂ ಇತ್ತು. ಅದಕ್ಕೆ ಆಧಾರವಾಗಿದ್ದದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಡ್ಯಾನ್ ಹ್ಯೂಸ್ ರೂಪಿಸಿದ ಕ್ರಮ. ಲವಲವಿಕೆ, ಒಪ್ಪಿಕೊಳ್ಳುವಿಕೆ, ಕುತೂಹಲ, ಸಹಾನುಭೂತಿ ಎಂಬ ನಾಲ್ಕು ಧೋರಣೆಗಳನ್ನು ಇಟ್ಟುಕೊಂಡು ಮಗುವಿನೊಂದಿಗೆ ಮಾತಾಡುವುದು ಅದರ ತಿರುಳು. ಹೇಳುವುದು ಸುಲಭ. ದಿಂಬಿನ ಕೆಳಗೆ ಬಿಸ್ಕತ್ತು ಬಚ್ಚಿಟ್ಟ ಪ್ರಸಂಗ ಬಂದಾಗ ಥೆರಪಿಸ್ಟ್ ಮಗಳನ್ನು ‘ಯಾಕೆ ಹಾಗೆ ಮಾಡಿದೆ’ ಎಂದು ಕೇಳಲಿಲ್ಲ. ಅಂಥ ಪ್ರಶ್ನೆಗೆ ಅವಳ ಬಳಿ ಉತ್ತರವಿರುತ್ತಿರಲಿಲ್ಲ. ಬದಲಿಗೆ, ‘ರಾತ್ರಿ ಹಸಿವಾದರೆ ಯಾರೂ ಎದ್ದು ಬರಲ್ಲ ಅಂತ ಆ ಪುಟ್ಟ ಹುಡುಗಿಗೆ ಅನ್ನಿಸಿರಬೇಕು, ಅದಕ್ಕೇ ನಾಳೆಗೂ ಇರಲಿ ಅಂತ ಎತ್ತಿಟ್ಟಳೇನೋ’ ಎಂದು, ಊಹೆಯನ್ನು ಊಹೆಯೆಂದೇ ಒಪ್ಪಿಕೊಂಡು, ಮಗಳ ಪರವಾಗಿ ನನಗೆ ಹೇಳಿದರು. ಮಗಳು ತಲೆಯೆತ್ತಿ ನನ್ನ ಮುಖವನ್ನೇ ನೋಡಿದಳು. ಆ ನೋಟವನ್ನು ನಾನು ಆ ಕೊಠಡಿಯ ಒಳಗೆ ಇದ್ದುದರಿಂದಲೇ ಕಂಡೆ. ಹೊರಗೆ ಬೆಂಚಿನ ಮೇಲೆ ಕೂತಿದ್ದರೆ, ಎಷ್ಟೇ ಒಳ್ಳೆಯ ಥೆರಪಿಸ್ಟ್ ಆಗಿದ್ದರೂ, ಅವಳು ನೋಡಬೇಕಾದ ಮುಖ ಅಲ್ಲಿರುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಅವಳ ಹಾಸಿಗೆಯ ಪಕ್ಕ ಮುಚ್ಚಳವಿರುವ ಡಬ್ಬವೊಂದನ್ನು ಇಟ್ಟು, ಅದು ಯಾವಾಗಲೂ ತುಂಬಿರುತ್ತದೆ, ಕೇಳದೆ ತೆಗೆದುಕೊಳ್ಳಬಹುದು ಎಂದು ಹೇಳಲು ಸಲಹೆ ಕೊಟ್ಟರು. ಬಚ್ಚಿಡುವುದು ತಾನಾಗಿ ಕಡಿಮೆಯಾಗುತ್ತ ಬಂತು.

ಬದುಕಿನ ಕಥೆಯನ್ನು ಕಟ್ಟುವ ಕೆಲಸ ಈ ಸೇವೆಯಲ್ಲಿ ಅತ್ಯಂತ ಶ್ರದ್ಧೆಯಿಂದ ನಡೆಯುತ್ತದೆ. ಕೈ ಬದಲಾಯಿಸುತ್ತ ಬಂದ ಮಕ್ಕಳಿಗೆ ತಮ್ಮ ಹಿಂದಿನದ್ದೆಲ್ಲ ಚದುರಿದ ಚೂರುಗಳಾಗಿ ಉಳಿದಿರುತ್ತದೆ, ಮತ್ತು ಚೂರುಗಳ ನಡುವಿನ ಖಾಲಿ ಜಾಗವನ್ನು ಮಗು ತನ್ನ ತಪ್ಪಿನಿಂದಲೇ ತುಂಬಿಕೊಳ್ಳುತ್ತದೆ: ನಾನು ಕೆಟ್ಟವಳಾದ್ದರಿಂದ ಬಿಟ್ಟುಬಿಟ್ಟರು, ನಾನು ಅತ್ತಿದ್ದರಿಂದ ಕಳಿಸಿದರು. ‘ನಿನ್ನನ್ನು ನಾವೇ ಇಷ್ಟಪಟ್ಟು ಆರಿಸಿಕೊಂಡೆವು’ ಎಂಬ ಸಿಹಿ ಮಾತು ಆ ಜಾಗವನ್ನು ತುಂಬುವುದಿಲ್ಲವೆಂದು, ಆರಿಸಿಕೊಂಡವರು ಬೇಡವೆಂದೂ ಹೇಳಬಹುದಲ್ಲ ಎಂಬ ಭಯವನ್ನು ಅದು ಹುಟ್ಟಿಸಬಹುದೆಂದು ಅವರು ತಿಳಿಸಿ ಹೇಳಿದರು. ದೊಡ್ಡ ಕಾಗದದ ಸುರುಳಿಯ ಮೇಲೆ ಮಗಳು ಇದ್ದ ಪ್ರತಿಯೊಂದು ಮನೆಯನ್ನೂ ಬಿಡಿಸಿ, ಒಂದರಿಂದ ಇನ್ನೊಂದಕ್ಕೆ ದಾರಿ ಎಳೆದು, ಪ್ರತಿ ದಾರಿಯ ಪಕ್ಕದಲ್ಲಿ ಆ ತೀರ್ಮಾನವನ್ನು ಯಾವ ದೊಡ್ಡವರು ತೆಗೆದುಕೊಂಡರು, ಏಕೆ ತೆಗೆದುಕೊಂಡರು ಎಂದು ಅವಳ ವಯಸ್ಸಿಗೆ ತಿಳಿಯುವ ಮಾತಿನಲ್ಲಿ ಬರೆದರು. ಹೆತ್ತ ತಾಯಿಯನ್ನು ಅಲ್ಲಿ ದೂಷಿಸಲಿಲ್ಲ, ದೇವತೆಯನ್ನಾಗಿಯೂ ಮಾಡಲಿಲ್ಲ. ಆಕೆಗೆ ಕಾಯಿಲೆಯಿತ್ತು, ಮಗುವನ್ನು ಸುರಕ್ಷಿತವಾಗಿ ನೋಡಿಕೊಳ್ಳಲು ಆಗುತ್ತಿರಲಿಲ್ಲ, ಆಕೆಗೆ ಸಿಗಬೇಕಿದ್ದ ಸಹಾಯ ಸಾಕಷ್ಟು ಸಿಗಲಿಲ್ಲ ಎಂದಷ್ಟೇ ಬರೆದರು. ಹಿಂದಿನ ಪೋಷಕ ತಾಯಿಯನ್ನು ಹುಡುಕಿ ಪತ್ರ ಬರೆಸಿದ್ದು ಸೇವೆಯವರೇ. ಆ ಪತ್ರದಲ್ಲಿ ಆಕೆ, ಮಗು ಹೋದ ಮೇಲೆ ಮಂಚವನ್ನು ಬಹಳ ದಿನ ಮಡಚಲಿಲ್ಲವೆಂದು ಬರೆದಿದ್ದರು. ಮಗಳು ಆ ಒಂದು ವಾಕ್ಯವನ್ನು ಮತ್ತೆ ಮತ್ತೆ ಓದಿಸಿದಳು. ಆಮೇಲೆ ಕೇಳಿದಳು: ‘ಹಾಗಾದರೆ ಅವರಿಗೂ ಬೇಜಾರಾಗಿತ್ತಾ?’

ಮಗುವಿಗೆಂದು ಇಟ್ಟ ಸಮಯದ ಹೊರತಾಗಿ ನಮಗೆಂದೇ ಪ್ರತ್ಯೇಕ ಸಮಯವಿರುತ್ತಿತ್ತು, ಮತ್ತು ಅದನ್ನು ಅವರು ಐಚ್ಛಿಕವೆಂದು ಪರಿಗಣಿಸುವುದಿಲ್ಲ. ದಿನವೂ ದೂರ ತಳ್ಳಿಸಿಕೊಳ್ಳುವ ತಾಯಿಯೋ ತಂದೆಯೋ ಕ್ರಮೇಣ ಒಳಗಿಂದ ಮರಗಟ್ಟಿ, ಊಟ, ಸ್ನಾನ, ಶಾಲೆಯ ಚೀಲ ಎಲ್ಲವನ್ನೂ ತಪ್ಪದೆ ನೋಡಿಕೊಳ್ಳುತ್ತಿದ್ದರೂ ಸಂತೋಷವನ್ನು ಕಳೆದುಕೊಂಡಿರುತ್ತಾರೆ. ಇದು ಪ್ರೀತಿಯ ಕೊರತೆಯಲ್ಲ, ಸತತ ಒತ್ತಡಕ್ಕೆ ಮಿದುಳು ತೋರುವ ಪ್ರತಿಕ್ರಿಯೆ ಎಂಬ ವಿವರಣೆಯನ್ನು ಹ್ಯೂಸ್ ಮತ್ತು ಮನಶ್ಶಾಸ್ತ್ರಜ್ಞ ಜೊನಾಥನ್ ಬೇಲಿನ್ ಮುಂದಿಟ್ಟಿದ್ದಾರೆ. ಅದನ್ನು ಕೇಳಿದಾಗ ನನ್ನ ಪತಿ ಬಹಳ ಹೊತ್ತು ಮಾತಾಡಲಿಲ್ಲ. ನಮ್ಮ ಬಾಲ್ಯದಲ್ಲಿ ಸಿಟ್ಟನ್ನು ಹೇಗೆ ನಿಭಾಯಿಸುತ್ತಿದ್ದರು, ಯಾವ ಮಾತಿಗೆ ನಮಗೆ ತಡೆಯಲಾಗದಷ್ಟು ಕೋಪ ಬರುತ್ತದೆ ಎಂಬುದನ್ನೆಲ್ಲ ಅಲ್ಲಿ ಬಿಡಿಸಿ ನೋಡಬೇಕಾಯಿತು. ಇದು ಹಿತವಾದ ಅನುಭವವಲ್ಲ, ಆದರೆ ಮಗಳು ಬಾಗಿಲು ಬಡಿದುಕೊಂಡ ಸಂಜೆ ಬಾಗಿಲ ಹೊರಗೆ ನೆಲದ ಮೇಲೆ ಕೂತು, ‘ನಾನು ಇಲ್ಲೇ ಇದ್ದೀನಿ’ ಎಂದು ಹೇಳುವಷ್ಟು ಸಮಾಧಾನ ನಮಗೆ ಬಂದದ್ದು ಈ ಗಂಟೆಗಳಿಂದ.

ಪಾಲನಾ ಗೃಹಗಳ ಮಕ್ಕಳ ವಿಷಯದಲ್ಲಿ ಈ ಸೇವೆ ಇಟ್ಟುಕೊಂಡಿರುವ ಒಂದು ನಿಯಮವನ್ನು ವಿಶೇಷವಾಗಿ ಹೇಳಬೇಕು. ದತ್ತು ಕುಟುಂಬದಲ್ಲಿ ಮಗುವಿನ ಪಕ್ಕ ಯಾರು ಕೂರಬೇಕೆಂಬ ಪ್ರಶ್ನೆಯೇ ಏಳುವುದಿಲ್ಲ. ಪಾಳಿಯಲ್ಲಿ ಕೆಲಸ ಮಾಡುವ ಸಿಬ್ಬಂದಿ ಇರುವ ಕಡೆ ಅದೇ ಮೊದಲ ಪ್ರಶ್ನೆ. ಗೃಹದವರು ಒಬ್ಬ ನಿರ್ದಿಷ್ಟ ಪಾಲಕರನ್ನು ಗೊತ್ತುಮಾಡಿ, ಪ್ರತಿ ಸಲವೂ ಅವರೇ ಮಗುವಿನೊಂದಿಗೆ ಬರುವಂತೆ ಲಿಖಿತವಾಗಿ ಒಪ್ಪಿದರೆ ಮಾತ್ರ ಇವರು ಚಿಕಿತ್ಸೆ ಆರಂಭಿಸುತ್ತಾರೆ. ಕಠಿಣವೆನಿಸುವ ಈ ನಿಯಮಕ್ಕೆ ಬಲವಾದ ಆಧಾರವಿದೆ. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಸಿದ್ಧಪಡಿಸಿದ ವರದಿಯಿಂದ ಹಿಡಿದು, ರೊಮೇನಿಯಾದ ಅನಾಥಾಲಯಗಳ ಮಕ್ಕಳ ಮೇಲಿನ ಅಧ್ಯಯನಗಳವರೆಗೆ, ಒಬ್ಬರೇ ನಿಂತು ನೋಡಿಕೊಳ್ಳುವ ದೊಡ್ಡವರ ಮಹತ್ವ ಮತ್ತೆ ಮತ್ತೆ ಕಂಡಿದೆ. ಆ ದೇಶದ ರಾಜಧಾನಿ ಬುಖಾರೆಸ್ಟ್‌ನಲ್ಲಿ ನಡೆದ ಅಧ್ಯಯನದಲ್ಲಿ ಅನಾಥಾಲಯಗಳ 136 ಮಕ್ಕಳ ಪೈಕಿ ಅರ್ಧದಷ್ಟು ಮಂದಿಯನ್ನು ಪೋಷಕ ಕುಟುಂಬಗಳಿಗೆ ಕಳಿಸಲಾಯಿತು. ಎರಡು ವರ್ಷ ತುಂಬುವ ಮೊದಲೇ ಕುಟುಂಬ ಸೇರಿದವರಲ್ಲಿ ಸುರಕ್ಷಿತ ಬಾಂಧವ್ಯ, ಎಂದರೆ ಹೆದರಿದಾಗ ತನ್ನ ಪಾಲಕರ ಬಳಿ ಬಂದು ಸಮಾಧಾನಗೊಳ್ಳುವ ನಂಟು, ಹೆಚ್ಚಾಗಿ ಬೆಳೆಯಿತು. ತಡವಾದವರ ಕಥೆ ಮುಗಿಯಿತೆಂದು ಇದರಿಂದ ತಿಳಿಯಬೇಕಾಗಿಲ್ಲ. ರೊಮೇನಿಯಾದಿಂದ ಬ್ರಿಟನ್ನಿಗೆ ದತ್ತು ಬಂದ 165 ಮಕ್ಕಳನ್ನು ಮಕ್ಕಳ ಮನೋವೈದ್ಯ ಮೈಕೆಲ್ ರಟರ್ ಮತ್ತು ಸಂಗಡಿಗರು ದೊಡ್ಡವರಾಗುವವರೆಗೂ ಗಮನಿಸಿದಾಗ, ಆರು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿನ ಅನಾಥಾಲಯಗಳಲ್ಲಿದ್ದವರಲ್ಲಿ ಅನೇಕರಿಗೆ ತೊಂದರೆಗಳು ಉಳಿದಿದ್ದರೂ, ಸುಮಾರು ಐದನೇ ಒಂದು ಭಾಗದವರಲ್ಲಿ ಯಾವ ಹಂತದಲ್ಲೂ ಅಂಥ ತೊಂದರೆ ಕಾಣಿಸಲಿಲ್ಲ.

ಹದಿಹರೆಯದವರೊಂದಿಗೆ ಕೆಲಸದ ರೀತಿ ಬೇರೆ. ಕಾಯುವ ಕೊಠಡಿಯಲ್ಲಿ ನಾನು ಕಂಡಂತೆ, ಒಳಗೆ ಕೂರಲೊಪ್ಪದ ಹುಡುಗರನ್ನು ಥೆರಪಿಸ್ಟ್‌ಗಳು ಹೊರಗೆ ನಡೆಯಲು ಕರೆದೊಯ್ಯುತ್ತಾರೆ. ಎದುರುಬದುರು ಕೂತು ಕಣ್ಣಿಗೆ ಕಣ್ಣು ಸೇರಿಸುವುದಕ್ಕಿಂತ ಪಕ್ಕದಲ್ಲಿ ನಡೆಯುವಾಗ ಮಾತು ಸಲೀಸು. ಬರುವುದಿಲ್ಲವೆಂದವರ ಸಮಯವನ್ನು ಕೂಡಲೇ ಬೇರೆಯವರಿಗೆ ಕೊಡದೆ, ನಿನ್ನ ಜಾಗ ಇನ್ನೂ ಇದೆ ಎಂದು ಚೀಟಿ ಕಳಿಸುತ್ತಾರೆ. ಈ ತಾಳ್ಮೆ ನನಗೆ ಬಹಳ ದೊಡ್ಡದೆನಿಸಿತು.

ಯಾವುದೇ ಸೇವೆಯನ್ನು ಆರಿಸಿಕೊಳ್ಳುವ ಮೊದಲು, ಅವರು ಏನನ್ನು ಮಾಡಲು ಒಪ್ಪುವುದಿಲ್ಲ ಎಂಬುದನ್ನು ದಯವಿಟ್ಟು ಕೇಳಿ. ಬಾಂಧವ್ಯ ಬೆಳೆಸುವ ಹೆಸರಿನಲ್ಲಿ ಮಗುವನ್ನು ಬಲವಾಗಿ ಹಿಡಿದಿಡುವ, ಕಂಬಳಿಯಲ್ಲಿ ಸುತ್ತುವ, ಸೋಲೊಪ್ಪುವವರೆಗೆ ಕೆರಳಿಸುವ ಪದ್ಧತಿಗಳು ಒಂದು ಕಾಲಕ್ಕೆ ಚಿಕಿತ್ಸೆಯೆಂದೇ ನಡೆದವು. 2000ದಲ್ಲಿ ಅಮೆರಿಕದ ಕೊಲೊರಾಡೋದಲ್ಲಿ ದತ್ತು ಬಂದಿದ್ದ ಹತ್ತು ವರ್ಷದ ಹುಡುಗಿಯೊಬ್ಬಳು ಬಟ್ಟೆಯಲ್ಲಿ ಸುತ್ತಿ, ಮತ್ತೆ ಹುಟ್ಟಿದಂತೆ ಹೊರಬರಲು ಹೇಳುವ ಇಂಥ ಒಂದು ‘ಮರುಹುಟ್ಟು’ ಚಿಕಿತ್ಸೆಯ ನಡುವೆ ಉಸಿರುಗಟ್ಟಿ ಸತ್ತಳು. ಮಕ್ಕಳ ಮೇಲಿನ ದೌರ್ಜನ್ಯದ ಕ್ಷೇತ್ರದಲ್ಲಿ ಕೆಲಸ ಮಾಡುವ ಅಮೆರಿಕದ ವೃತ್ತಿಪರರ ಸಂಘದ ಕಾರ್ಯಪಡೆಯೊಂದು 2006ರಲ್ಲಿ ಈ ಬಲವಂತದ ಪದ್ಧತಿಗಳನ್ನು ಬಳಸಕೂಡದೆಂದು ಸ್ಪಷ್ಟವಾಗಿ ಹೇಳಿತು. ನಾವು ಹೋದ ಸೇವೆ ತನ್ನ ಮೊದಲ ಒಪ್ಪಂದಪತ್ರದಲ್ಲೇ ಮಗುವನ್ನು ಬಲವಂತವಾಗಿ ಹಿಡಿಯುವುದಿಲ್ಲ, ಹಸಿವು ಅಥವಾ ಒಂಟಿತನವನ್ನು ಶಿಕ್ಷೆಯಾಗಿ ಬಳಸಲು ಪೋಷಕರಿಗೆ ಸಲಹೆ ಕೊಡುವುದಿಲ್ಲ ಎಂದು ಬರೆದುಕೊಟ್ಟಿತು. ಹಾಗೆ ಬರೆದುಕೊಡಲು ಹಿಂಜರಿಯುವ ಕಡೆ ಮಗುವನ್ನು ಬಿಡಬೇಡಿ.

ಇನ್ನು ಕೊರತೆಗಳು. ಕಾಯುವ ಪಟ್ಟಿ ತುಂಬ ಉದ್ದವಾಗಿದೆ, ಮತ್ತು ಕಾಯುವಾಗ ಮನೆಯವರಿಗೆ ಒಂದು ಫೋನ್ ಕರೆಯ ಆಸರೆಯೂ ಇಲ್ಲ. ವರದಿಗಳ ಭಾಷೆ ಸಹ ವೃತ್ತಿಯವರಿಗಾಗಿ ಬರೆದಂತಿದೆ. ಮುಂದೊಂದು ದಿನ ಮಗಳೇ ಅವುಗಳನ್ನು ಓದುತ್ತಾಳೆಂಬ ಎಚ್ಚರ ಅವುಗಳಲ್ಲಿ ಕಾಣುವುದಿಲ್ಲ. ಶಾಲೆಯೊಂದಿಗಿನ ಸಂಪರ್ಕ ದುರ್ಬಲ. ಮಗಳ ಕಷ್ಟಗಳಲ್ಲಿ ಅರ್ಧದಷ್ಟು ನಡೆಯುವುದು ತರಗತಿಯಲ್ಲಿ. ಶಿಕ್ಷಕಿ ಬದಲಾದಾಗ, ಕುಟುಂಬದ ವಂಶವೃಕ್ಷ ಬರೆದು ತನ್ನಿ ಎಂದು ಮನೆಕೆಲಸ ಕೊಟ್ಟಾಗ, ಮಗುವಾಗಿದ್ದಾಗಿನ ಫೋಟೋ ಕೇಳಿದಾಗ. ಇದಕ್ಕೆಲ್ಲ ಶಾಲೆಯನ್ನು ಮೊದಲೇ ಸಿದ್ಧಪಡಿಸಬೇಕೆಂದು ಸೇವೆಯವರಿಗೆ ಗೊತ್ತಿದೆ, ಆದರೆ ಒಂದು ಪತ್ರ ಕಳಿಸಿ ಕೈತೊಳೆದುಕೊಂಡರು. ಶಿಕ್ಷಕರೊಂದಿಗೆ ಕೂತು ಮಾತಾಡುವ ಕೆಲಸ ನಮ್ಮ ಮೇಲೇ ಬಿತ್ತು.

ಇವೆಲ್ಲವನ್ನೂ ಸಹಿಸಿಕೊಳ್ಳಬಹುದು. ಥೆರಪಿಸ್ಟ್ ಬದಲಾದ ರೀತಿಯನ್ನು ಮಾತ್ರ ನಾನು ಇಂದಿಗೂ ಒಪ್ಪಲಾರೆ. ಬದುಕಿನ ಕಥೆಯ ಕೆಲಸ ನಡುವಿನಲ್ಲಿದ್ದಾಗ, ಮಗಳು ‘ಅಕ್ಕ’ ಎಂದು ಕರೆಯುತ್ತಿದ್ದ ಆ ಥೆರಪಿಸ್ಟ್‌ರನ್ನು ಬೇರೊಂದು ವಿಭಾಗಕ್ಕೆ ವರ್ಗಾಯಿಸಿ, ಮುಂದಿನ ಭೇಟಿಯಿಂದ ಹೊಸಬರು ಬರುತ್ತಾರೆಂದು ನಮಗೆ ಸಂದೇಶ ಕಳಿಸಿದರು. ಹೇಳದೆ ಕೇಳದೆ ಮಾಯವಾದ ದೊಡ್ಡವರೇ ಇವಳ ಮೂಲ ಗಾಯವೆಂದು ತಮ್ಮ ಕಡತದಲ್ಲಿ ಬರೆದುಕೊಂಡವರೇ ಹೀಗೆ ಮಾಡಿದರು. ನಾವು ಒತ್ತಾಯಿಸಿದ ಮೇಲೆ ಬೀಳ್ಕೊಡುವ ಭೇಟಿಗಳನ್ನು ಏರ್ಪಡಿಸಿದರು, ಹಳಬರು ಮತ್ತು ಹೊಸಬರು ಒಟ್ಟಿಗೆ ಕೂತು ಕಾಗದದ ಸುರುಳಿಯನ್ನು ಕೈ ಬದಲಾಯಿಸಿದರು, ಅಕ್ಕ ಏಕೆ ಹೋಗುತ್ತಿದ್ದಾರೆಂಬುದನ್ನು ಮಗಳ ಎದುರಿಗೇ ಹೇಳಿದರು. ಅಷ್ಟು ಮಾಡಿದ್ದಕ್ಕೆ ಅವರಿಗೆ ಕೃತಜ್ಞಳು. ಆದರೆ ಇದು ಪೋಷಕರು ಜಗಳವಾಡಿ ಪಡೆಯಬೇಕಾದ ಸೌಲಭ್ಯವಾಗಬಾರದು. ಪಾಲನಾ ಗೃಹದಲ್ಲಿರುವ ಮಗುವಿನ ಪರವಾಗಿ ಹೀಗೆ ಜಗಳವಾಡಲು ಎಷ್ಟೋ ಸಲ ಯಾರೂ ಇರುವುದಿಲ್ಲ. ಚಿಕಿತ್ಸೆಯ ಮುಕ್ತಾಯ ಮತ್ತು ಹಸ್ತಾಂತರದ ಕ್ರಮ ಲಿಖಿತ ನಿಯಮವಾಗಿರಬೇಕಾದದ್ದು ಅಂಥ ಮಕ್ಕಳಿಗಾಗಿ. ವಯೋಮಿತಿಯ ಬಗ್ಗೆಯೂ ಇದೇ ಆಕ್ಷೇಪ. ಹದಿನೆಂಟು ತುಂಬಿದ ದಿನ ಗೃಹವೂ ಚಿಕಿತ್ಸೆಯೂ ಒಟ್ಟಿಗೇ ಕೈಬಿಟ್ಟರೆ ಆ ಯುವಕನೋ ಯುವತಿಯೋ ಹೋಗುವುದೆಲ್ಲಿಗೆ? ಇಪ್ಪತ್ತರ ಆಚೆಯವರೆಗೂ ಬಾಗಿಲು ತೆರೆದಿಡುವುದು ಇಂಥ ಸೇವೆಯ ಕನಿಷ್ಠ ಹೊಣೆಯೆಂದು ನಾನು ಭಾವಿಸುತ್ತೇನೆ.

ಫಲಿತಾಂಶದ ಬಗ್ಗೆ ಕೇಳುವವರಿಗೆ ಪ್ರಾಮಾಣಿಕವಾಗಿ ಇಷ್ಟು ಹೇಳಬಲ್ಲೆ. ಸಿಟ್ಟು ಇನ್ನೂ ಬರುತ್ತದೆ, ಆದರೆ ಅದು ಇಳಿದ ಮೇಲೆ ಅವಳು ನಮ್ಮ ಬಳಿಗೆ ಬರುತ್ತಾಳೆ. ಎಳೆಯ ಮಕ್ಕಳನ್ನು ತಾಯಿಯಿಂದ ಕೆಲ ನಿಮಿಷ ಬೇರ್ಪಡಿಸಿ ಗಮನಿಸಿದ ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್, ಅಗಲಿಕೆಯ ಅಳುವಿಗಿಂತ ಮತ್ತೆ ಸೇರಿದಾಗಿನ ವರ್ತನೆಗೆ ಹೆಚ್ಚು ತೂಕ ಕೊಟ್ಟರು ಎಂಬುದನ್ನು ಥೆರಪಿಸ್ಟ್ ನಮಗೆ ವಿವರಿಸಿದ್ದರು. ನಾವೂ ಈಗ ಅಲ್ಲಿಯೇ ಗಮನ ಇಡುತ್ತೇವೆ. ಸುಳ್ಳು ಪೂರ್ತಿ ಹೋಗಿಲ್ಲ. ಶಾಲೆಯ ರಜೆಗಳ ಮೊದಲ ದಿನಗಳು ಈಗಲೂ ಕಷ್ಟ. ರಾತ್ರಿ ಎಚ್ಚರವಾದರೆ ಕೂಗುತ್ತಾಳೆ, ಯಾರಾದರೊಬ್ಬರು ಎದ್ದು ಹೋಗುತ್ತೇವೆ.

ಕೆಲವೇ ವಾರಗಳಲ್ಲಿ ನಡತೆ ಸರಿಹೋಗಬೇಕೆಂದು ಬಯಸುವವರಿಗೆ, ಅಥವಾ ವಾರದ ಮಧ್ಯೆ ತಾವೂ ಬಂದು ಕೂರಲು ಸಾಧ್ಯವೇ ಇಲ್ಲದವರಿಗೆ ಈ ಸೇವೆ ಒಗ್ಗುವುದಿಲ್ಲ. ಉಳಿದವರಿಗೆ ಶಿಫಾರಸು ಮಾಡುತ್ತೇನೆ, ಒಂದು ಷರತ್ತಿನೊಂದಿಗೆ: ಆರಂಭದ ದಿನವೇ, ಥೆರಪಿಸ್ಟ್ ಬದಲಾದರೆ ಎಷ್ಟು ಮುಂಚಿತವಾಗಿ ತಿಳಿಸುತ್ತೀರಿ, ಬೀಳ್ಕೊಡುಗೆಗೆ ಎಷ್ಟು ಭೇಟಿಗಳನ್ನು ಇಡುತ್ತೀರಿ, ಚಿಕಿತ್ಸೆ ಮುಗಿದ ಮೇಲೆ ಹದಿಹರೆಯದಲ್ಲಿ ಮತ್ತೆ ಬೇಕಾದರೆ ಪುನಃ ಪಟ್ಟಿಯ ಕೊನೆಗೆ ನಿಲ್ಲಿಸುತ್ತೀರಾ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಕೊನೆಯ ಪ್ರಶ್ನೆಗೆ ನಮಗೆ ಸಿಕ್ಕ ಉತ್ತರ ಒಳ್ಳೆಯದಾಗಿತ್ತು: ಮಗಳ ಕಡತವನ್ನು ಮುಚ್ಚುವುದಿಲ್ಲ, ಪಟ್ಟಿಯಲ್ಲಿ ಕಾಯಿಸದೆ ನೇರವಾಗಿ ಭೇಟಿಗೆ ಸಮಯ ಕೊಡುತ್ತೇವೆ ಎಂದು ಬರೆದುಕೊಟ್ಟಿದ್ದಾರೆ.